ಕುರ್ಚಿಯ ಮೇಲಿನ ಶಾಲು

ಇದನ್ನು ಹೇಳುವ ಯೋಗ್ಯತೆ ನನಗೆ ಇದೆಯೇ ಎಂಬುದು ನನಗೇ ಖಚಿತವಿಲ್ಲ. ಸುಟ್ಟುಕೊಂಡವರು ಬೇರೆಯವರು, ಮನೆಯವರನ್ನು ಕಳೆದುಕೊಂಡವರು ಬೇರೆಯವರು. ನಾನು ಪುತ್ತೂರಿನ ಒಂದು ಕಚೇರಿಯಲ್ಲಿ ಮೇಜಿನ ಹಿಂದೆ ಕುಳಿತು ಕಾರ್ಡು ತುಂಬಿಸಿದವನು. ಅಂಥವನು ಕತೆ ಹೇಳಲು ಹೊರಟರೆ ತನ್ನ ತಪ್ಪನ್ನು ತನಗೆ ಬೇಕಾದ ಅಳತೆಗೆ ಕತ್ತರಿಸಿಕೊಳ್ಳುತ್ತಾನೆ. ಮೂರು ಸಲ ಬರೆದು ಹರಿದುಹಾಕಿದ್ದೇನೆ. ಎರಡು ಸಲ ತೀರಾ ಒಳ್ಳೆಯವನಾಗಿ ಕಂಡೆ, ಒಂದು ಸಲ ತೀರಾ ಕೆಟ್ಟವನಾಗಿ. ಅದೂ ಅಲ್ಲದೆ, ಇದರಲ್ಲಿ ಒಂದು ಸಂಗತಿಯನ್ನು ಯಾರಿಗೂ ಹೇಳಬೇಡಿ ಎಂದು ಒಬ್ಬಳು ನನ್ನನ್ನು ಕೇಳಿಕೊಂಡಿದ್ದಳು. ಯಾರ ಸಲುವಾಗಿ ಹಾಗೆ ಕೇಳಿದಳೋ ಅವರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಆದರೂ ಹೇಳುವುದು ಸರಿಯೋ ತಪ್ಪೋ ತಿಳಿಯದು. ಓದುವವರು ಕ್ಷಮಿಸಬೇಕು.

ಇಲ್ಲಿ ನನ್ನ ಹೆಸರು ಮೇದಪ್ಪ. ಊರು ಸುಳ್ಯದ ಕಡೆ. ಹಗಲು ಪುತ್ತೂರಿನ ಜವಳಿ ಅಂಗಡಿಯೊಂದರಲ್ಲಿ ಬಟ್ಟೆ ಅಳೆಯುತ್ತಿದ್ದೆ, ಸಂಜೆ ಬೊಳುವಾರಿನ ಒಂದು ಮಾಳಿಗೆಯಲ್ಲಿ ನಡೆಯುತ್ತಿದ್ದ ತರಗತಿಗೆ ಹೋಗಿ ಟೈಪಿಂಗು, ವ್ಯವಹಾರದ ಪತ್ರ ಬರೆಯುವುದು, ಸ್ವಲ್ಪ ಇಂಗ್ಲಿಷು ಕಲಿತೆ. ಆ ಬಲದಿಂದ ೧೯೮೨ರಲ್ಲಿ ಪಂಜದ ಸಂಕಪ್ಪಣ್ಣನವರು ಪುತ್ತೂರಿನಲ್ಲಿ ತೆರೆದ ಗ್ಯಾಸ್ ಏಜೆನ್ಸಿಯಲ್ಲಿ ಕೆಲಸ ಸಿಕ್ಕಿತು. ಸಂಕಪ್ಪಣ್ಣ ದೊಡ್ಡ ಜಮೀನಿನವರು. ಕೆಲಸದವರೆಲ್ಲ ಧಣಿ ಎಂದೇ ಕರೆಯುತ್ತಿದ್ದುದು, ನಾನೂ ಹಾಗೆಯೇ ಕರೆದೆ.

ಕಂಪೆನಿಯ ಕರಾರುಪತ್ರ ಇಂಗ್ಲಿಷಿನಲ್ಲಿತ್ತು. ನಾನು ಅದನ್ನು ಎರಡು ಸಂಜೆ ಕುಳಿತು ಕನ್ನಡಕ್ಕೆ ಮಾಡಿ ಧಣಿಗೆ ಓದಿಹೇಳಿದೆ. ಅದರಲ್ಲಿ ಎರಡು ಮಾತು ಮುಖ್ಯ. ಒಂದು, ಏಜೆನ್ಸಿ ಪಡೆದವನು ದಿನವಿಡೀ ತಾನೇ ಕಚೇರಿಯಲ್ಲಿದ್ದು ಕೆಲಸ ನೋಡಬೇಕು. ಆಗದಿದ್ದರೆ ಕಂಪೆನಿಯಲ್ಲಿ ತರಬೇತಿ ಪಡೆದು, ಕಂಪೆನಿ ಒಪ್ಪಿ ಬರೆದುಕೊಟ್ಟ ಮೆನೇಜರ್ ಇರಬೇಕು. ಎರಡು, ಹೊಸ ಮನೆಗೆ ಮೊದಲ ಸಿಲಿಂಡರ್ ಹೋಗುವಾಗ ಏಜೆನ್ಸಿಯವನು ಅಥವಾ ಆ ಮೆನೇಜರ್ ತಾನೇ ಹೋಗಿ, ಅಡಿಗೆಕೋಣೆ ನೋಡಿ, ಅಡಿಗೆ ಮಾಡುವವರಿಗೆ ತೋರಿಸಿಕೊಟ್ಟು, ಕಾರ್ಡಿಗೆ ಸಹಿ ಹಾಕಬೇಕು.

"ಇದೆಂತ ಮಾರಾಯ," ಎಂದರು ಧಣಿ, "ನಾನು ಪಂಜದಿಂದ ಬಂದು ದಿನಾ ಇಲ್ಲಿ ಕೂತ್ಕೊಳ್ಳುದಾ? ಅಲ್ಲಿ ರಬ್ಬರ್ ತೋಟದ ಕೆಲಸದವರನ್ನು ನೋಡುದು ಯಾರು?"

"ಹಾಗಾದ್ರೆ ಮೆನೇಜರ್ ಬೇಕು ಅಂತ ಬರೆಯುವ ಧಣಿ. ಮಂಗಳೂರಿನಲ್ಲಿ ಹತ್ತು ದಿನದ ತರಬೇತಿ ಉಂಟು. ನಾನು ಹೋಗ್ತೇನೆ."

"ಬರೆದ್ರೆ ಎಂತ ಆಯ್ತು? ನಾನು ಕೂತ್ಕೊಳ್ಳುದಿಲ್ಲ ಅಂತ ನಾನೇ ಬರೆದುಕೊಟ್ಟ ಹಾಗೆ ಆಯ್ತು. ಈ ಏಜೆನ್ಸಿಗೆ ಬಾಯಿ ಬಿಟ್ಟು ನಿಂತವರು ಹತ್ತು ಜನ ಇದ್ದಾರೆ. ಮೆನೇಜರ್ ಕೆಲಸ ನೀನು ಮಾಡು, ಹೆಸರು ಎಂತಕ್ಕೆ?"

ಹೀಗೆ ಕಾಗದದಲ್ಲಿ ನಾನು ಗುಮಾಸ್ತ. ಊರಿನವರ ಬಾಯಲ್ಲಿ ಮೆನೇಜರ್. ಕರೆದಾಗ ನನಗೆ ಖುಷಿಯಾಗುತ್ತಿತ್ತು ಎಂಬುದನ್ನೂ ಹೇಳಬೇಕು.

ಧಣಿ ಸೋಮವಾರ, ಸಂತೆಯ ದಿನ ಬರುತ್ತಿದ್ದರು. ಹೋಗುವಾಗ ಹೆಗಲ ಮೇಲಿನ ಕೆಂಪಂಚಿನ ಶಾಲನ್ನು ತೆಗೆದು ತಮ್ಮ ಕುರ್ಚಿಯ ಬೆನ್ನಿಗೆ ಹಾಕಿ ಹೋಗುತ್ತಿದ್ದರು. ಅದು ಅವರ ಮನೆಯ ಕ್ರಮ. ಪಂಜದಲ್ಲಿ ಅವರಿಲ್ಲದ ಹೊತ್ತು ಚಾವಡಿಯ ಆರಾಮಕುರ್ಚಿಯಲ್ಲಿ ಶಾಲು ಇರುತ್ತಿತ್ತು. ಕೆಲಸದವರು ಬೆಳಿಗ್ಗೆ ಅದರ ಎದುರು ಬಂದು ನಿಂತು ಲೆಕ್ಕ ಕೊಟ್ಟೇ ತೋಟಕ್ಕೆ ಇಳಿಯಬೇಕು. ಅದರ ಎದುರು ಎಲೆಯಡಿಕೆ ಉಗುಳುವ ಹಾಗಿಲ್ಲ, ಸ್ವರ ಏರಿಸುವ ಹಾಗಿಲ್ಲ. "ಶಾಲು ಇದ್ರೆ ನಾನು ಇದ್ದ ಹಾಗೆ" ಎಂದು ಧಣಿ ನಮಗೂ ಹೇಳಿದರು. ಪಂಜದಲ್ಲಿ ಅದು ನಡೆಯುತ್ತಿತ್ತು, ಯಾಕೆಂದರೆ ಸಂಜೆಗೆ ಅವರು ಬಂದೇ ಬರುತ್ತಿದ್ದರು. ಪುತ್ತೂರಿನಲ್ಲಿ ಏಳು ದಿನಕ್ಕೊಮ್ಮೆ ಬಂದರೂ ನಡೆದೀತು ಎಂದುಕೊಂಡದ್ದು ಅವರ ತಪ್ಪು. ಹೌದು ಎಂದು ತಲೆಯಾಡಿಸಿದ್ದು ನನ್ನದು.

ಸಿಲಿಂಡರ್ ಒಯ್ದು ಜೋಡಿಸುವವನು ಕಾಣಿಯೂರಿನ ಡೊಂಬಯ್ಯ. ನಗಿಸುವ ಜನ. ಬೆಳಿಗ್ಗೆ ಬಂದವನೇ ಶಾಲಿಗೆ ಕೈ ಮುಗಿಯುತ್ತಿದ್ದ.

"ಧಣಿ, ಚಾ ಕುಡಿತೀರಾ? ಬೇಡ್ವ? ಹಾಗಾದ್ರೆ ನಿಮ್ಮದನ್ನೂ ನಾನೇ ಕುಡಿತೇನೆ."

"ಸುಮ್ಮನಿರು ಮಾರಾಯ, ಯಾರಾದ್ರೂ ಕೇಳಿದ್ರೆ?"

"ಯಾರು ಕೇಳುದು ಮೇದಪ್ಪಣ್ಣ? ಈ ಧಣಿಗೆ ಕಿವಿ ಇಲ್ಲ. ಪಂಜದ ಧಣಿಗೆ ಇದ್ದೂ ಪ್ರಯೋಜನ ಇಲ್ಲ."

ಎರಡನೆಯ ವರ್ಷ ಕಂಪೆನಿಯ ಅಧಿಕಾರಿ ಒಬ್ಬರು ಹೇಳದೆ ಬಂದರು. ಬೆಂಗಳೂರಿನ ಕಡೆಯ ಯುವಕ, ಬಿಸಿಲಿಗೆ ಬೆವರಿದ್ದರು. ಓನರ್ ಎಲ್ಲಿ ಎಂದು ಕೇಳಿದರು. ನನ್ನ ಕಣ್ಣು ಶಾಲಿನ ಕಡೆಗೆ ಹೋಯಿತು.

"ಈಗ ಇದ್ದರು ಸರ್. ಬೇಂಕಿಗೆ ಹೋದರು. ಶಾಲು ಇಲ್ಲೇ ಉಂಟಲ್ಲ."

ಅವರು ಶಾಲನ್ನು ನೋಡಿದರು, ಎಳನೀರು ಕುಡಿದರು, ಅರ್ಧ ಗಂಟೆ ಕಾದು ಪುಸ್ತಕದಲ್ಲಿ 'ಮಾಲೀಕರು ಸ್ಥಳದಲ್ಲಿ ಇರುತ್ತಾರೆ' ಎಂದು ಬರೆದು ಹೋದರು. ಅದು ನನ್ನ ಮೊದಲ ಸುಳ್ಳು. ಆಮೇಲಿನವು ಅಷ್ಟು ಕಷ್ಟವಾಗಲಿಲ್ಲ.

ಕಾರ್ಡುಗಳ ಕೆಲಸವೂ ಹೀಗೇ ಒಂದು ಕ್ರಮಕ್ಕೆ ಬಂತು. ಸೋಮವಾರ ಧಣಿ ಇಪ್ಪತ್ತು ಖಾಲಿ ಕಾರ್ಡುಗಳ ಕೆಳಗೆ ಒಟ್ಟಿಗೆ ಸಹಿ ಹಾಕುತ್ತಿದ್ದರು. ಹೊಸ ಮನೆಗೆ ಸಿಲಿಂಡರ್ ಹೊರಡುವ ಮೊದಲು ನಾನು ಹೆಸರು, ಊರು, ದಿನಾಂಕ ತುಂಬಿಸುತ್ತಿದ್ದೆ. ಸಿಲಿಂಡರಿನ ಬಾಯಿಯೊಳಗಿನ ವಾಷರ್ ನೋಡಿದೆ, ಸಾಬೂನು ನೀರು ಹಚ್ಚಿ ಸೋರಿಕೆ ನೋಡಿದೆ, ಒಲೆಯ ಗುಂಡಿ ಮತ್ತು ಸಿಲಿಂಡರ್ ಮೇಲಿನ ಗುಂಡಿ ಎರಡನ್ನೂ ಬಂದ್ ಮಾಡಲು ತೋರಿಸಿಕೊಟ್ಟೆ, ಹೀಗೆ ಐದು ಸಾಲು. ಐದಕ್ಕೂ ನಾನು ಕಚೇರಿಯಲ್ಲೇ ಸರಿ ಗುರುತು ಹಾಕುತ್ತಿದ್ದೆ. ಮೊದಮೊದಲು ಡೊಂಬಯ್ಯನ ಕೈಯಲ್ಲಿ ಹಾಗೇ ಕೊಟ್ಟು ಕಳಿಸಿದ್ದೆ. ಕಾರ್ಡು ಎಣ್ಣೆಯಾಗಿ, ಮಡಚಿ, ಗುರುತುಗಳು ಗೆರೆಯ ಹೊರಗೆ ಬಿದ್ದು ಬಂದವು. ನನಗೆ ಕಾಗದ ಚೊಕ್ಕಟವಾಗಿರಬೇಕು. ಸಂಜೆ ತರಗತಿಯಲ್ಲಿ ಅದನ್ನೇ ಕಲಿಸಿದ್ದರು.

ಒಮ್ಮೆ ಧಣಿಯನ್ನು ಕೇಳಿದ್ದು ನಿಜ. "ಹೊಸ ಮನೆಗಾದ್ರೂ ನಾನು ಹೋಗಿ ಬರ್ಲಾ?" ಎಂದೆ. "ನೀನು ಹೋದ್ರೆ ಇಲ್ಲಿ ಯಾರು, ಶಾಲಾ?" ಎಂದು ನಕ್ಕರು. ನಾನೂ ನಕ್ಕೆ. ಮತ್ತೆ ಕೇಳಲಿಲ್ಲ.

೧೯೮೫ರ ಜನವರಿಯಲ್ಲಿ ಕಡಬದ ಪೋಕರ್ ಬಂದರು. ಕಡಬದವರೆಲ್ಲ ಪೋಕರಾಕ ಎಂದು ಕರೆಯುವ ಹಿರಿಯರು. ಪೇಟೆಯ ತುದಿಯಲ್ಲಿ ಅವರಿಗೆ ಸೌದೆಯ ಡಿಪೋ. ಡೊಂಬಯ್ಯ ಬಿಡುತ್ತಾನೆಯೇ?

"ಇದೆಂತ ಪೋಕರಾಕ, ಸೌದೆ ಮಾರುವವರೇ ಗ್ಯಾಸ್ ತಕ್ಕೊಂಡ್ರೆ ನಿಮ್ಮ ಸೌದೆ ಕೊಳ್ಳುದು ಯಾರು?"

"ನಿನಗೆ ಒಂದು ಗಾಡಿ ಕಳಿಸ್ತೇನೆ, ನಿನ್ನ ಬಾಯಿಗೆ ತುರುಕಿಸ್ಲಿಕ್ಕೆ," ಎಂದು ಪೋಕರಾಕ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಮಗ ರವೂಫ್ ಅರಬ್ ನಾಡಿನ ದಮಾಮಿನಿಂದ ಬರೀತಾನೆ ಮೆನೇಜರ್ರೆ, ಪ್ರತಿ ಕಾಗದದಲ್ಲಿಯೂ ಅದೇ. ಉಮ್ಮನಿಗೆ ದಮ್ಮು ಉಂಟು, ಹೊಗೆ ಆಗುದಿಲ್ಲ, ಗ್ಯಾಸ್ ತೆಗೀರಿ ಅಂತ. ಸೊಸೆ ಬೀಬಿಯೂ ಬೇಕು ಅಂತಾಳೆ. ನನಗೆ ಹೆದರಿಕೆಯೇ. ನೀವು ಬಂದು ಸರಿ ತೋರಿಸಿ ಕೊಡ್ಬೇಕು ಆಯ್ತಾ?"

"ತೋರಿಸ್ತೇವೆ," ಎಂದೆ ನಾನು.

ಯಾವ ದಿನ, ಎಷ್ಟು ಹೊತ್ತಿಗೆ, ಆಗ ನೀವು ಮನೆಯಲ್ಲಿರಬೇಕು ಎಂದು ಹೇಳಲಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು ಎಂದು ಈಗ ಅನಿಸುತ್ತದೆ. ಗುರುವಾರ ಸಿಲಿಂಡರ್ ಬಂತು. ನಾನು ಕಾರ್ಡಿನ ಐದು ಸಾಲಿಗೂ ಸರಿ ಹಾಕಿ ಫೈಲಿಗೆ ಸೇರಿಸಿದೆ. ಡೊಂಬಯ್ಯ ಜೀಪಿನಲ್ಲಿ ಹೊರಟ.

ಎಂಟು ದಿನ ಕಳೆದು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಕಡಬದ ಬಸ್ಸಿನ ಕಂಡಕ್ಟರ್ ಕಚೇರಿಯ ಬಾಗಿಲಲ್ಲಿ ನಿಂತು, ಒಳಗೆ ಬಾರದೆ, ಸುದ್ದಿ ಹೇಳಿದ. ಪೋಕರಾಕನ ಹೆಂಡತಿ ಕದೀಜಮ್ಮ ಬೆಳಗಿನ ನಮಾಜು ಮುಗಿಸಿ ಚಾಕ್ಕೆ ನೀರಿಡಲು ಕಡ್ಡಿ ಗೀರಿದರಂತೆ. ಕೋಣೆಯಲ್ಲಿ ರಾತ್ರಿಯಿಡೀ ಗ್ಯಾಸ್ ತುಂಬಿತ್ತು. ಬೀಬಿ ಹಿಂದಿನಿಂದ ಓಡಿಬಂದು ಅತ್ತೆಯ ಮೈಮೇಲಿನ ಬೆಂಕಿಯನ್ನು ಎರಡು ಕೈಯಿಂದ ತಟ್ಟಿ ಆರಿಸಲು ನೋಡಿದಳಂತೆ. ಇಬ್ಬರನ್ನೂ ಮಂಗಳೂರಿಗೆ ಒಯ್ದಿದ್ದರು.

ಕದೀಜಮ್ಮ ಮೂರನೆಯ ದಿನ ತೀರಿಕೊಂಡರು. ಬೀಬಿ ಬದುಕಿದಳು. ಅವಳ ಬೆರಳುಗಳು ಮಡಚಿ ಒಂದಕ್ಕೊಂದು ಕೂಡಿಕೊಂಡಿದ್ದವು.

ಒಂದೇ ಪ್ರಶ್ನೆ ಉಳಿಯಿತು, ಗುಂಡಿ ಬಂದ್ ಮಾಡಲು ಆ ಮನೆಯವರಿಗೆ ತೋರಿಸಿಕೊಟ್ಟಿತ್ತೋ ಇಲ್ಲವೋ. ಹಿಂದಿನ ರಾತ್ರಿ ಒಲೆ ಕೊನೆಗೆ ಮುಟ್ಟಿದವಳು ಬೀಬಿ. ಸಿಲಿಂಡರಿನ ಮೇಲಿನ ಗುಂಡಿ ತೆರೆದೇ ಇತ್ತೆಂದು ನೋಡಿದವರೆಲ್ಲ ಹೇಳಿದರು. ಅದೊಂದು ಬಂದ್ ಆಗಿದ್ದರೆ ನಡುವೆ ಎಲ್ಲಿ ಸಡಿಲವಿದ್ದರೂ ಗ್ಯಾಸ್ ಸೋರುತ್ತಿರಲಿಲ್ಲ. ಬೀಬಿ ಹೇಳಿದ್ದು ಇಷ್ಟು: "ಒಲೆಯ ಗುಂಡಿ ಬಂದ್ ಮಾಡಿದ್ದೆ. ಅಂಡೆಯ ಮೇಲೆ ಇನ್ನೊಂದು ಉಂಟು, ಅದನ್ನೂ ಬಂದ್ ಮಾಡ್ಬೇಕು ಅಂತ ನಮಗೆ ಯಾರೂ ತೋರಿಸಿಕೊಡ್ಲಿಲ್ಲ." ಆದರೆ ಕಾರ್ಡಿನಲ್ಲಿ ತೋರಿಸಿಕೊಟ್ಟೆ ಎಂದಿತ್ತು. ನನ್ನ ಚೊಕ್ಕ ಅಕ್ಷರ, ಧಣಿಯ ಸಹಿ. ಒಂದೋ ಬೀಬಿ ಸುಳ್ಳು ಹೇಳುತ್ತಾಳೆ, ಇಲ್ಲವೆ ಕಾರ್ಡು. ಅತ್ತೆಯನ್ನು ಸುಟ್ಟದ್ದು ಸೊಸೆಯ ಉದಾಸೀನ ಎಂಬ ಮಾತು ಕಡಬದಲ್ಲಿ ಹಬ್ಬಲು ನಾಲ್ಕು ದಿನ ಬೇಕಾಗಲಿಲ್ಲ.

ವಿಚಾರಣೆಗೆ ಅದೇ ಅಧಿಕಾರಿ ಬಂದರು. ಆ ದಿನ ಧಣಿ ಕುರ್ಚಿಯಲ್ಲಿದ್ದರು, ಶಾಲು ಹೆಗಲಲ್ಲಿತ್ತು. ಡೊಂಬಯ್ಯನನ್ನು ಹಿಂದಿನ ದಿನವೇ ಪಂಜದ ತೋಟಕ್ಕೆ ಕಳಿಸಿಯಾಗಿತ್ತು. ಅಧಿಕಾರಿ ಬರುವ ಮೊದಲು ಧಣಿ ನನ್ನನ್ನು ಬದಿಗೆ ಕರೆದರು.

"ನೋಡು ಮೇದಪ್ಪ, ನಾನು ಹೋಗ್ಲಿಲ್ಲ ಅಂತ ಗೊತ್ತಾದ್ರೆ ನಾಳೆಯಿಂದ ಈ ಬಾಗಿಲಿಗೆ ಬೀಗ. ನಿನಗೂ ಕೆಲಸ ಇಲ್ಲ, ಡೊಂಬಯ್ಯನಿಗೂ ಇಲ್ಲ. ಮತ್ತೆ ಸಹಿ ನನ್ನದಾದ್ರೂ ಗುರುತು ಹಾಕಿದ ಕೈ ಯಾರದ್ದು?"

"ನನ್ನದು ಧಣಿ."

"ಹಾಂ. ಅಷ್ಟು ನೆನಪಿಟ್ಟುಕೋ. ಸತ್ತವರು ಎದ್ದು ಬರ್ತಾರಾ ನೀನು ಹೇಳಿದ್ರೆ?"

ಅಧಿಕಾರಿ ಕಾರ್ಡು ನೋಡಿ ಕೇಳಿದರು. ಧಣಿ ತೊಡರದೆ ಹೇಳಿದರು. ನಾನೇ ಹೋಗಿದ್ದೆ, ನಾನೇ ಆ ಹೆಂಗಸಿಗೆ ಎರಡು ಗುಂಡಿಯನ್ನೂ ತಿರುಗಿಸಿ ತೋರಿಸಿದ್ದೆ. ಅಧಿಕಾರಿ ನನ್ನ ಕಡೆ ತಿರುಗಿದರು.

"ಇವರು ಹೋಗಿದ್ದು ನಿಮಗೆ ಗೊತ್ತಾ?"

ಹೌದು ಎನ್ನಲು ಧೈರ್ಯ ಬರಲಿಲ್ಲ. ಇಲ್ಲ ಎನ್ನಲೂ ಬರಲಿಲ್ಲ.

"ಕಾರ್ಡಿನಲ್ಲಿ ಉಂಟು ಸರ್," ಎಂದೆ.

ಅವರಿಗೆ ಅಷ್ಟೇ ಸಾಕಾಗಿತ್ತೆಂದು ಕಾಣುತ್ತದೆ. 'ಮಾಲೀಕರು ಖುದ್ದಾಗಿ ತಿಳಿಸಿಕೊಟ್ಟಿದ್ದರೂ ಬಳಕೆದಾರರ ಅಜಾಗರೂಕತೆಯಿಂದ' ಎಂದು ವರದಿಯಾಯಿತು. ಅದನ್ನು ಟೈಪ್ ಮಾಡಿಕೊಟ್ಟದ್ದು ನಾನೇ. ಅಧಿಕಾರಿಗೆ ಟೈಪಿಂಗ್ ಬರುತ್ತಿರಲಿಲ್ಲ. ಒಂದೂ ಅಕ್ಷರ ತಪ್ಪಾಗಲಿಲ್ಲ.

ಹದಿನೈದು ದಿನ ಬಿಟ್ಟು ಪೋಕರಾಕ ವರದಿಯ ಪ್ರತಿ ಹಿಡಿದುಕೊಂಡು ಬಂದರು. ಅವರಿಗೆ ಅರಬಿ ಓದಲು ಬರುತ್ತಿತ್ತು, ಕನ್ನಡ ಇಂಗ್ಲಿಷು ಬಾರದು. "ಓದಿ ಹೇಳಿ ಮೆನೇಜರ್ರೆ. ರವೂಫನಿಗೆ ಬರೆಯಿಸ್ಲಿಕ್ಕೆ ಉಂಟು. ಉಮ್ಮನ ಮಯ್ಯತ್ತು ಮಣ್ಣು ಮಾಡುವಾಗಲೂ ಬರ್ಲಿಕ್ಕೆ ಆಗ್ಲಿಲ್ಲ ಅವನಿಗೆ. ಹೇಗೆ ಆಯ್ತು ಅಂತ ಕೇಳ್ತಾನೆ."

ಓದಿದೆ. ಮುಗಿದ ಮೇಲೆ ಕೇಳಿದರು:

"ಹಾಗಾದ್ರೆ ಬೀಬಿ ಹೇಳುದು ಸುಳ್ಳಾ? ಅಂಡೆಯವನು ಒಬ್ಬನೇ ಬಂದದ್ದು ಅಂತ ಕುರಾನ್ ಮುಟ್ಟಿ ಹೇಳ್ತಾಳೆ ಹುಡುಗಿ. ನಾನು ಡಿಪೋದಲ್ಲಿದ್ದೆ, ನನಗೆ ಗೊತ್ತಿಲ್ಲ. ನೀವು ಒಂದು ಮಾತು ಹೇಳಿ. ಧಣಿ ಬಂದಿದ್ರಾ?"

ಕುರ್ಚಿಯಲ್ಲಿ ಶಾಲು ಮಾತ್ರ ಇತ್ತು.

"ಸಹಿ ಉಂಟಲ್ಲ ಪೋಕರಾಕ," ಎಂದೆ.

ಅವರು ಕಾಗದವನ್ನು ಮಡಚಿ ಟೊಪ್ಪಿಯೊಳಗೆ ಇಟ್ಟುಕೊಂಡು ಹೋದರು. ಮುಂದಿನ ವಾರ ಕೇಳಿದ್ದು, ಬೀಬಿಯನ್ನು ಕೊಯಿಲದ ತಾಯಿಮನೆಗೆ ಕಳಿಸಿದರಂತೆ. ರವೂಫನ ಕಾಗದ ಬರುವವರೆಗೆ ಅಲ್ಲೇ ಇರಲಿ ಎಂದು.

ಪಂಜದಿಂದ ಡೊಂಬಯ್ಯ ಮರಳಿ ಬಂದದ್ದು ಮಾರ್ಚಿನಲ್ಲಿ. ಶಾಲಿಗೆ ಕೈ ಮುಗಿಯಲಿಲ್ಲ. ಗೋದಾಮಿನ ಹಿಂದೆ ಕರೆದುಕೊಂಡು ಹೋಗಿ ಕೇಳಿದೆ.

"ನಿಜ ಹೇಳು ಡೊಂಬಯ್ಯ. ಆ ಹುಡುಗಿಗೆ ತೋರಿಸಿದೆಯಾ?"

"ಹೇಳಿದೆ."

"ಹೇಳಿದ್ದಲ್ಲ, ತೋರಿಸಿದೆಯಾ?"

ಅವನು ಬೀಡಿ ತೆಗೆದ, ಹಚ್ಚಲಿಲ್ಲ.

"ಮನೆಯಲ್ಲಿ ಗಂಡಸರು ಇರ್ಲಿಲ್ಲ ಮೇದಪ್ಪಣ್ಣ. ಹೆಂಗಸರು ಇಬ್ಬರೂ ಬಾಗಿಲ ಹಿಂದೆ. ನಾನು ಅಡಿಗೆಕೋಣೆಗೆ ಹೇಗೆ ನುಗ್ಗುದು? ನೀನು ನುಗ್ತಿದ್ದೆಯಾ? ಚಾವಡಿಯಲ್ಲೇ ಅಂಡೆ ಇಟ್ಟೆ. ಅಲ್ಲೇ ಒಲೆಗೆ ಟ್ಯೂಬ್ ಸಿಕ್ಕಿಸಿದೆ, ಹಚ್ಚಿದೆ, ಸಾಬೂನು ನೀರು ಹಾಕಿದೆ, ಎರಡೂ ಬಂದ್ ಮಾಡಿದೆ. ಒಲೆಯದ್ದು ಬಂದ್ ಮಾಡ್ಬೇಕು, ಅಂಡೆಯ ಮೇಲಿನದ್ದೂ ಬಂದ್ ಮಾಡ್ಬೇಕು ಅಂತ ದೊಡ್ಡ ಸ್ವರದಲ್ಲಿ ಹೇಳಿದೆ. ಒಳಗಿನಿಂದ ಹೂಂ ಅಂದ ಹಾಗೆ ಕೇಳಿತು. ಪೋಕರಾಕ ಬಂದ ಮೇಲೆ ಒಳಗೆ ಇಡ್ಲಿಕ್ಕೆ ಹೇಳಿ ಅಂತ ಹೇಳಿ ಬಂದೆ. ಜೀಪಿನಲ್ಲಿ ಇನ್ನೂ ಐದು ಅಂಡೆ ಇತ್ತು."

"ವಾಷರ್?"

"ನೋಡಿದ್ದೆ ಅಂತ ನೆನಪು. ದಿನಾ ನೋಡ್ತೇನಲ್ಲ. ಆ ದಿನ ನೋಡಿದೆನಾ ಅಂತ ಕೇಳಿದ್ರೆ… ನನಗೆ ಗೊತ್ತಿಲ್ಲ ಮಾರಾಯ."

ನನಗೆ ಆಗ ಕರಾರಿನ ಆ ಸಾಲು ಅರ್ಥವಾಯಿತು. ಮಾಲೀಕನೇ ಹೋಗಬೇಕು ಎಂದು ಬರೆದದ್ದು ದೊಡ್ಡಸ್ತಿಕೆಗಲ್ಲ. ಧಣಿ ಬರುತ್ತಾರೆಂದು ಗೊತ್ತಾದರೆ ಪೋಕರಾಕ ಡಿಪೋ ಬಿಟ್ಟು ಮನೆಯಲ್ಲಿರುತ್ತಿದ್ದರು. ಮನೆಯ ಯಜಮಾನ ಎದುರಿಗಿದ್ದರೆ ಅಡಿಗೆಕೋಣೆಯ ಬಾಗಿಲು ತೆರೆಯುತ್ತಿತ್ತು. ಬರೆದವರಿಗೆ ನಮ್ಮ ಊರಿನ ಬಾಗಿಲುಗಳು ಗೊತ್ತಿದ್ದವೋ ಇಲ್ಲವೋ. ನನಗೆ ಗೊತ್ತಿತ್ತು.

ಮುಂದಿನ ಭಾನುವಾರ ಒಂದು ಹಾಳೆಯಲ್ಲಿ ಎಲ್ಲ ಬರೆದೆ. ಧಣಿ ಹೋಗಿರಲಿಲ್ಲ. ಕಾರ್ಡನ್ನು ಸಿಲಿಂಡರ್ ಹೊರಡುವ ಮೊದಲೇ ನಾನು ತುಂಬಿಸಿದ್ದೆ. ಡೊಂಬಯ್ಯ ಚಾವಡಿಯಲ್ಲಿ ಜೋಡಿಸಿ ಹೊರಗಿನಿಂದಲೇ ಹೇಳಿ ಬಂದ. ಕೆಳಗೆ ನನ್ನ ಹೆಸರು, ಸಹಿ. ಬಸ್ಸು ಹತ್ತಿ ಕಡಬಕ್ಕೆ ಹೋದೆ.

ಪೋಕರಾಕ ಡಿಪೋದಲ್ಲಿ ಸೌದೆಯ ರಾಶಿಯ ಬದಿಯಲ್ಲಿ ಕುಳಿತಿದ್ದರು. ಓದಿಹೇಳಿದೆ. ಧಣಿ ಬಂದಿರಲಿಲ್ಲ ಎಂಬಲ್ಲಿಗೆ ಅವರ ಮುಖ ಸಡಿಲವಾಯಿತು.

"ಹುಡುಗಿ ಸುಳ್ಳು ಹೇಳ್ಲಿಲ್ಲ," ಎಂದರು. "ಅಲ್ಲಾ… ಹುಡುಗಿ ಸುಳ್ಳು ಹೇಳ್ಲಿಲ್ಲ. ಇದನ್ನು ನೀವು ಆ ದಿನವೇ ಹೇಳ್ಬೇಕಿತ್ತು ಮೆನೇಜರ್ರೆ."

"ಹೌದು ಪೋಕರಾಕ."

"ಮತ್ತೆ ಓದಿ."

ಮತ್ತೆ ಓದಿದೆ. ಡೊಂಬಯ್ಯ ಎಲ್ಲ ಜೋಡಿಸಿ ಚಾವಡಿಯಲ್ಲೇ ಬಿಟ್ಟುಬಂದ ಎಂಬಲ್ಲಿ ಅವರು ಕೈ ಎತ್ತಿ ತಡೆದರು. ಅವರ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು.

"ಒಳಗೆ ಇಟ್ಟದ್ದು ನಾನು," ಎಂದರು.

ನಾನು ಹಾಳೆಯನ್ನು ಕೆಳಗಿಳಿಸಿದೆ.

"ಸಂಜೆ ಬಂದು ಇಟ್ಟದ್ದು. ಒಲೆ, ಅಂಡೆ ಎರಡೂ ಒಟ್ಟಿಗೆ ಬಾಗಿಲಲ್ಲಿ ಹೋಗ್ಲಿಲ್ಲ. ಆ ಟ್ಯೂಬನ್ನು ಎಳೆದು ತೆಗೆದೆ. ಒಳಗೆ ಹೋಗಿ ಪುನಃ ಸಿಕ್ಕಿಸಿದೆ, ಅಂಡೆಯ ಮೇಲಿನದ್ದು ತಿರುಗಿಸಿದೆ, ಒಲೆ ಹತ್ತಿತು. ಬಿಗಿ ಆಯ್ತು ಅಂತ ಕಂಡಿತು ನನಗೆ. ಸೌದೆ ಕಟ್ಟುವ ಕೈ ಅಲ್ವ, ಬಿಗಿ ಗೊತ್ತಾಗ್ತದೆ ಅಂತ…"

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. ಇಷ್ಟು ದಿನ ಅದು ಅವರಿಗೆ ಹೊಳೆದೇ ಇರಲಿಲ್ಲ. ನಾನು ತಂದ ಹಾಳೆಯಿಂದ ಹೊಳೆಯಿತು. ಸೋರಿದ್ದು ವಾಷರಿನಿಂದ ಇರಬಹುದು ಪೋಕರಾಕ, ಟ್ಯೂಬಿನಿಂದಲೇ ಎಂದು ಹೇಗೆ ಹೇಳುವುದು ಎಂದೆ. ಅವರಿಗೆ ಕೇಳಿಸಲಿಲ್ಲ ಎಂದು ತೋರುತ್ತದೆ. ಕೈ ಚಾಚಿದರು.

"ಕಾಗದ ಕೊಡಿ. ರವೂಫನಿಗೆ ನಾನೇ ಕಳಿಸ್ತೇನೆ."

ಕೊಟ್ಟೆ. ಅದನ್ನು ಟೊಪ್ಪಿಯೊಳಗೆ ಇಡಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡಿದ್ದರು.

ಮರಳುವಾಗ ಬಸ್ಸು ಕೊಯಿಲದಲ್ಲಿ ನಿಂತಾಗ ಇಳಿದುಬಿಟ್ಟೆ. ಯೋಚಿಸಿ ಇಳಿದದ್ದಲ್ಲ. ಜಾನುವಾರು ಫಾರ್ಮಿನ ಬೇಲಿಯ ಬದಿಯಲ್ಲಿ ಬೀಬಿಯ ತಾಯಿಮನೆ. ಅವಳ ತಾಯಿ ಜಗಲಿಯಲ್ಲಿ ನಿಂತು, ಗ್ಯಾಸಿನವರು ಎಂದು ಕೇಳಿದ ಕೂಡಲೇ ಒಳಗೆ ಹೋದರು. ಬಾಗಿಲ ಹಿಂದಿನಿಂದ ಬೀಬಿಯೇ ಮಾತಾಡಿದಳು. ಅವಳ ಮುಖ ನಾನು ಆಗಲೂ ನೋಡಲಿಲ್ಲ, ಆಮೇಲೂ ನೋಡಿಲ್ಲ.

"ಎಂತಕ್ಕೆ ಬಂದದ್ದು?"

ಹೇಳಿದೆ. ಹಾಳೆಯಲ್ಲಿ ಏನಿತ್ತೆಂದು ಒಂದೊಂದೇ ಸಾಲು ಹೇಳಿದೆ.

"ಅವನು ಹೊರಗಿನಿಂದ ಕೂಗಿದ್ದು ಒಳಗೆ ನಮಗೆ ಕೇಳ್ಲಿಲ್ಲ ಅಂತ ಬರೆದಿದ್ದೀರಾ? ಒಲೆ ಉರಿಯುವ ಶಬ್ದ ಕೇಳಿತು, ಅವನ ಮಾತು ಕೇಳ್ಲಿಲ್ಲ. ಅತ್ತೆ ಸುಮ್ಮನೆ ಹೂಂ ಅಂದದ್ದು."

"ಅದು ಬರೀಲಿಲ್ಲ ತಂಗಿ. ನಾನು ಅಲ್ಲಿ ಇರ್ಲಿಲ್ಲ ಅಲ್ವ? ಕೇಳಿತೋ ಇಲ್ವೋ ನಾನು ಹೇಗೆ ಬರೆಯುದು?"

"ಧಣಿ ಬಂದಾಗಲೂ ನೀವು ಇರ್ಲಿಲ್ಲ," ಎಂದಳು. "ಬಂದ್ರು ಅಂತ ಬರೆದಿರಲ್ಲ."

ಅದನ್ನೂ ಬರೆಯುತ್ತೇನೆ ಎಂದೆ.

"ಕಾಗದ ಯಾರ ಕೈಯಲ್ಲಿ ಕೊಟ್ಟದ್ದು?"

"ಪೋಕರಾಕನ ಕೈಯಲ್ಲಿ. ರವೂಫನಿಗೆ ಅವರೇ ಕಳಿಸ್ತಾರಂತೆ."

ಫಾರ್ಮಿನ ಕಡೆಯಿಂದ ದನಗಳಿಗೆ ಹುಲ್ಲು ಹಾಕುವ ಗಂಟೆ ಕೇಳಿತು.

"ಚಾವಡಿಯಲ್ಲಿ ಬಿಟ್ಟು ಹೋದ ಅಂತ ಓದಿದಿರಾ ಮಾವನ ಎದುರು?"

"ಓದಿದೆ."

"ಅಯ್ಯೋ," ಎಂದಳು. ಮೆಲ್ಲಗೆ, ಬೈಯುವ ಹಾಗಲ್ಲ. "ಅವರು ಟ್ಯೂಬ್ ಎಳೆದದ್ದು ನಾನು ನೋಡಿದ್ದೆ. ಯಾರ ಹತ್ತಿರವೂ ಹೇಳ್ಲಿಲ್ಲ, ಪೊಲೀಸರ ಹತ್ತಿರವೂ. ಅತ್ತೆ ಹೋದ ಮೇಲೆ ಅದೊಂದು ಅವರ ತಲೆಗೆ ಬರುದು ಬೇಡ ಅಂತ. ನೀವು ಹೋಗಿ ಓದಿದಿರಿ."

"ನನಗೆ ಗೊತ್ತಿರ್ಲಿಲ್ಲ ತಂಗಿ."

"ನಿಮಗೆ ಗೊತ್ತಿರುದು ಯಾವುದು? ಇನ್ನು ಅದನ್ನು ಯಾರಿಗೂ ಹೇಳ್ಬೇಡಿ. ಅಷ್ಟು ಮಾಡಿ."

ಮನೆಗೆ ಬಂದು ಇನ್ನೊಂದು ಹಾಳೆ ಬರೆದು ಮರುದಿನ ಬೆಳಿಗ್ಗೆ ಕಂಪೆನಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಹೊರಗಿನ ಮಾತು ಒಳಗೆ ಕೇಳಿಸಿರಲಿಲ್ಲವೆಂದು ಬೀಬಿ ಹೇಳಿದ್ದಾಳೆ ಎಂದು ಸೇರಿಸಿದೆ. ಟ್ಯೂಬಿನ ಸಂಗತಿ ಬಿಟ್ಟೆ. ಹಾಗಾಗಿ ಅದೂ ಪೂರ್ತಿ ನಿಜದ ಕಾಗದವಲ್ಲ. ಆ ದಿನ ಸೋಮವಾರ, ಬಂದ ಧಣಿಗೆ ನಾನೇ ಹೇಳಿದೆ. ಅವರು ಬೈಯಲಿಲ್ಲ. ಕುರ್ಚಿಯ ಬೆನ್ನಿನಿಂದ ಶಾಲು ತೆಗೆದು, ಕೊಡವಿ, ಹೆಗಲಿಗೆ ಹಾಕಿಕೊಂಡು, "ಇನ್ನು ನೀನು ಬರುದು ಬೇಡ" ಎಂದರು. ಡೊಂಬಯ್ಯ ನನ್ನೊಡನೆ ಬಸ್‌ಸ್ಟೇಂಡಿನವರೆಗೆ ಬಂದ. ಏನೂ ತಮಾಷೆ ಮಾಡಲಿಲ್ಲ.

ಎರಡು ತಿಂಗಳು ಏಜೆನ್ಸಿ ಮುಚ್ಚಿತ್ತು. ಆಮೇಲೆ ಧಣಿಯ ಅಳಿಯನ ಹೆಸರಿನಲ್ಲಿ ತೆರೆಯಿತು. ಈಗ ಅಲ್ಲಿ ತರಬೇತಿಯಾದ ಮೆನೇಜರ್ ಇದ್ದಾರೆ, ಅವರ ಹೆಸರು ಹಲಗೆಯಲ್ಲಿ ಬರೆದಿದೆ. ಹೊಸ ಮನೆಗಳಿಗೆ ಅವರೇ ಹೋಗುತ್ತಾರೆಂದು ಕೇಳಿದ್ದೇನೆ. ನಾನು ಸುಳ್ಯದಲ್ಲಿ ಒಂದು ಅಂಗಡಿಯಲ್ಲಿ ಬಿಲ್ಲು ಬರೆಯುತ್ತೇನೆ. ಮನೆಯಲ್ಲಿ ನಾವು ಸೌದೆಯಲ್ಲೇ ಅಡಿಗೆ ಮಾಡುವುದು.

ವರದಿಯನ್ನು ಕಂಪೆನಿ ತಿದ್ದಿತೋ ಇಲ್ಲವೋ ನನಗೆ ತಿಳಿಸಲಿಲ್ಲ. ಕದೀಜಮ್ಮನನ್ನು ಕೊಂದದ್ದು ವಾಷರೋ ಟ್ಯೂಬೋ, ಅದೂ ತಿಳಿಯದು. ಆ ಸಿಲಿಂಡರನ್ನು ಬೆಂಕಿ ಆರಿಸಿದವರೇ ತೋಡಿನ ನೀರಿಗೆ ಎಸೆದಿದ್ದರು, ಪರೀಕ್ಷೆಗೆ ಏನೂ ಉಳಿದಿರಲಿಲ್ಲ. ಪೋಕರಾಕ ನನ್ನ ಹಾಳೆಯನ್ನು ದಮಾಮಿಗೆ ಕಳಿಸಿದರೋ, ಡಿಪೋದ ಸೌದೆಯ ಎಡೆಯಲ್ಲಿ ಇಟ್ಟರೋ ಗೊತ್ತಿಲ್ಲ. ಅವರ ಮುಂದೆ ಹೋಗಿ ಕೇಳುವ ಮುಖ ನನಗಿರಲಿಲ್ಲ, ಈಗ ಅವರೇ ಇಲ್ಲ. ರವೂಫ್ ಊರಿಗೆ ಬಂದನಂತೆ ಎಂದು ಒಬ್ಬರು ಹೇಳಿದರು, ಬಂದಿಲ್ಲ ಎಂದು ಇನ್ನೊಬ್ಬರು. ಬೀಬಿ ಈಗ ಕಡಬದಲ್ಲಿದ್ದಾಳೋ ಕೊಯಿಲದಲ್ಲೇ ಇದ್ದಾಳೋ ನನಗೆ ಗೊತ್ತಿಲ್ಲ.